ಕುದುರೆಮುಖದ ದಾರಿಯಲ್ಲಿ ಅರ್ಧಕ್ಕೇ ಹಿಂದಿರುಗುವವರ ಪರವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು (ವನ್ಯಜೀವಿ), ಅರಣ್ಯ ಭವನ, ಮಲ್ಲೇಶ್ವರ, ಬೆಂಗಳೂರು;
ಹಾಗೂ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಚಾರಣಕ್ಕೆಂದು ಹೊರಟಿರುವ ಎಲ್ಲರಿಗೆ.

ಮಾನ್ಯರೇ,

ನಾನು ಕಳಸ ಸೀಮೆಯ ಒಬ್ಬ ನಿವೃತ್ತ ಶಾಲಾ ಶಿಕ್ಷಕ. ಕಳಸದಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಮನೆಯಿರುವುದರಿಂದ ಶನಿವಾರದ ಬೆಳಗಿನ ಜಾವ ಬೆಂಗಳೂರಿನ ಕಡೆಯ ಟಿ.ಟಿ.ಗಳು (ಟೆಂಪೋ ಟ್ರಾವೆಲರ್ ವಾಹನಗಳು) ಸಾಲಾಗಿ ಹಾದುಹೋಗುವುದನ್ನು ಮಳೆಗಾಲವಿಡೀ ನೋಡುತ್ತೇನೆ. ಅವುಗಳಲ್ಲಿ ಒಂದೆರಡಾದರೂ ನಮ್ಮ ಗೇಟಿನ ಮುಂದೆ ನಿಲ್ಲುತ್ತವೆ. ನಿದ್ದೆಗಣ್ಣಿನ ಹುಡುಗರು ಇಳಿದು, ನಡಿಗೆ ಶುರುವಾಗುವ ಮುಳ್ಳೋಡಿಗೆ ಇನ್ನೆಷ್ಟು ದೂರ, ಜೀಪು ಎಲ್ಲಿ ಸಿಗುತ್ತದೆ, ಮೇಲೆ ಮೋಡ ಇದೆಯೇ ಎಂದು ಕೇಳುತ್ತಾರೆ. ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂದು ಈವರೆಗೆ ನನ್ನನ್ನು ಕೇಳಿದವರನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಆ ಕೇಳದೆ ಉಳಿದ ಪ್ರಶ್ನೆಯ ಸಲುವಾಗಿಯೇ ಈ ಪತ್ರ.

ಊರಿನವರಿಗೆ ಗೊತ್ತಿರುವ ಸಂಗತಿಗಳನ್ನು ಹೊರಗಿನವರಿಗಾಗಿ ಮೊದಲು ಹೇಳಿಬಿಡುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹರಡಿಕೊಂಡಿರುವ ಸುಮಾರು 600 ಚದರ ಕಿಲೋಮೀಟರಿನ ಕಾಡು ಮತ್ತು ಹುಲ್ಲುಗುಡ್ಡಗಳ ಸೀಮೆ. ಸಿಂಗಳೀಕಗಳ ನೆಲೆಯೆಂಬ ಮುಖ್ಯ ಕಾರಣಕ್ಕೆ ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2012ರಲ್ಲಿ ಪಶ್ಚಿಮ ಘಟ್ಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರೊಳಗಿನ ಒಂದು ತಾಣವೂ ಆಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಗಂಗಾಮೂಲ ಇದರೊಳಗೇ ಇದೆ. ದಶಕಗಳ ಕಾಲ ಇಲ್ಲಿ ಕಬ್ಬಿಣದ ಅದಿರು ತೆಗೆದ ಗಣಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಗಣಿಯ ಕಾಲದಲ್ಲಿ ದೀಪ, ಆಸ್ಪತ್ರೆ, ಬಸ್ಸು ಎಲ್ಲವೂ ಇದ್ದ ಕುದುರೆಮುಖ ಪಟ್ಟಣ ಈಗ ಬಹುಮಟ್ಟಿಗೆ ಖಾಲಿ. ನಕ್ಷೆಯಲ್ಲಿ ಪಟ್ಟಣದ ಹೆಸರನ್ನು ನೋಡಿ, ಅಲ್ಲಿಗೆ ಹೋದರೆ ಎಲ್ಲವೂ ಸಿಕ್ಕೀತು ಎಂದು ನಂಬಿ ಬರುವವರಿಗೆ ಇದನ್ನು ಹೇಳಲೇಬೇಕು.

ಶಿಖರದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. ಹಳಬರು ಇದನ್ನು ಸಂಸೆಪರ್ವತ ಎಂದು ಕರೆಯುತ್ತಿದ್ದರು, ಏಕೆಂದರೆ ಹತ್ತುವ ದಾರಿ ಸಂಸೆಯ ಕಡೆಯಿಂದ. ಈಗಲೂ ಅಷ್ಟೇ: ಸಂಸೆಯ ಕಡೆಯಿಂದ ಜೀಪಿನಲ್ಲಿ ಕುಲುಕಾಡುತ್ತಾ ಮುಳ್ಳೋಡಿ ಸೇರಿ, ಅಲ್ಲಿಂದ ಹಳ್ಳಗಳನ್ನು ದಾಟಿ, ಒಂಟಿಮರದ ಬಳಿ ಉಸಿರು ತೆಗೆದುಕೊಂಡು, ಹುಲ್ಲಿನ ದಿಣ್ಣೆಗಳನ್ನೂ ನಡುವಿನ ಕಣಿವೆಗಳಲ್ಲಿ ಬೆಳೆದ ದಟ್ಟ ಶೋಲಾ ಕಾಡನ್ನೂ ಹಾದು ಮೇಲೆ ಹೋಗಬೇಕು. ಹೋಗಿ ಬರುವುದು ಒಟ್ಟು ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ಇಲಾಖೆ ಮಾಡಿರುವ ಒಳ್ಳೆಯ ಕೆಲಸವನ್ನು ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇನೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಗೇ ನುಗ್ಗಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಅದರ ಬೆನ್ನಿಗೇ ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಚಾರಣಗಳಿಗೆ ತಡೆ ಬಿತ್ತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ಶುರುವಾಗಿ, ಒಂದು ದಾರಿಯಲ್ಲಿ ಒಂದು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಕಾಡಿಗೂ ಹೋಗುವವರಿಗೂ ಇದರಿಂದ ಉಪಕಾರವಾಗಿದೆ. ಆದರೆ ಸಂಖ್ಯೆಯ ಮಿತಿ ಗುಂಪಿನ ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಗುಡ್ಡದ ಅಪಾಯವನ್ನಲ್ಲ. ಮುನ್ನೂರು ಜನರ ನಡುವೆ ನಡೆದರೂ ಮೂವರೇ ನಡೆದರೂ ಮಧ್ಯಾಹ್ನ ಎರಡು ಗಂಟೆಗೆ ಏಳುವ ಮಂಜು ಒಂದೇ.

ಗುಡ್ಡದ ಅಪಾಯ ಎಂದಾಗ ಪಟ್ಟಣದಿಂದ ಬರುವವರು ಹುಲಿಯನ್ನೂ ಹಾವನ್ನೂ ನೆನೆಯುತ್ತಾರೆ. ನಾನು ಕಂಡಂತೆ ಇಲ್ಲಿ ಜನರನ್ನು ಕಷ್ಟಕ್ಕೆ ಸಿಕ್ಕಿಸುವುದು ಹೆಚ್ಚಾಗಿ ಗಡಿಯಾರ. ಸಾಧಾರಣ ನಡಿಗೆಯವರ ಗುಂಪಿಗೆ ಮುಳ್ಳೋಡಿಯಿಂದ ಹತ್ತಿ ಇಳಿಯಲು ಎಂಟೊಂಬತ್ತು ಗಂಟೆ ಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಇಡೀ ಗುಂಪಿನ ವೇಗ. ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೆರಡರೊಳಗೆ ತುದಿ, ನಾಲ್ಕೂವರೆಗೆ ಕೆಳಗೆ. ತಿಂಡಿ ತಡವಾಗಿ, ಜೀಪು ತಡವಾಗಿ, ತಪಾಸಣೆಯ ಸಾಲು ಉದ್ದವಾಗಿ ಒಂಬತ್ತೂವರೆಗೆ ಹೊರಟರೆ ಲೆಕ್ಕವೇ ಬೇರೆ: ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ, ಶೋಲಾ ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲೆ. ಆದ್ದರಿಂದ ಯಾವ ಗುಂಪೇ ಆಗಲಿ ಹೊರಡುವ ಮೊದಲು ‘ತಿರುಗುವ ಗಂಟೆ’ಯೊಂದನ್ನು ಗೊತ್ತುಮಾಡಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಅದು ಮಧ್ಯಾಹ್ನ ಹನ್ನೆರಡೂವರೆ. ಆ ಹೊತ್ತಿಗೆ ಎಲ್ಲಿದ್ದರೂ, ತುದಿ ಕಣ್ಣೆದುರೇ ಇದ್ದರೂ, ಬೆನ್ನು ತಿರುಗಿಸಬೇಕು.

ಈ ನಿಯಮವನ್ನು ನಾನೇ ಮುರಿದಿದ್ದೇನೆ. ಹನ್ನೆರಡು ವರ್ಷದ ಹಿಂದಿನ ಮಾತು. ಅಕ್ಟೋಬರ್ ತಿಂಗಳು, ದಸರಾ ರಜೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ತನ್ನ ನಾಲ್ವರು ಸ್ನೇಹಿತರನ್ನು ಕರೆತಂದಿದ್ದ. ಅನುಮತಿ ಪಡೆದೇ ಹೋಗಿದ್ದೆವು. ಊರಿನವನೆಂಬ ಧೈರ್ಯದಿಂದ ಮಾರ್ಗದರ್ಶಿಯ ಕೆಲಸವನ್ನು ನಾನೇ ವಹಿಸಿಕೊಂಡಿದ್ದೆ. ಕಡುಬು, ಚಟ್ನಿ, ಎರಡನೆಯ ಸುತ್ತಿನ ಕಾಫಿ ಎಲ್ಲ ಮುಗಿದು ಮುಳ್ಳೋಡಿ ಬಿಟ್ಟಾಗ ಒಂಬತ್ತೂಕಾಲು. ಒಂದೂಮುಕ್ಕಾಲಿಗೆ ಕೊನೆಯ ಏರಿನ ಬುಡದಲ್ಲಿದ್ದೆವು. ಪಡುವಣದಿಂದ ಮಂಜು ಮೇಲೇರುತ್ತಿತ್ತು. ತಿರುಗೋಣ ಎಂದೆ. “ಮಾವ, ಇನ್ನೊಂದೇ ಗುಡ್ಡ, ಅಷ್ಟು ದೂರದಿಂದ ಬಂದಿದ್ದಾರೆ” ಎಂದ ಅಳಿಯ. ಅವನ ಮಾತಿಗಿಂತ ಹೆಚ್ಚಾಗಿ ಆ ನಾಲ್ವರ ಮುಖದಲ್ಲಿದ್ದ ನಿರಾಸೆಗೆ ನಾನು ಸೋತೆ. ತುದಿ ಮುಟ್ಟಿದಾಗ ಏನೂ ಕಾಣಲಿಲ್ಲ, ಹತ್ತು ಮಾರು ದೂರದ ಕಲ್ಲೂ ಕಾಣಲಿಲ್ಲ.

ಇಳಿಯುವಾಗ ಇಬ್ಬರು ಹುಡುಗರು ಚುರುಕಾಗಿ ಮುಂದೆ ಹೋದರು. ಹುಲ್ಲುಗುಡ್ಡದಲ್ಲಿ ಕಾಟಿಗಳು (ಕಾಡುಕೋಣಗಳು) ತುಳಿದ ದಾರಿಯೂ ಮನುಷ್ಯರು ತುಳಿದ ದಾರಿಯೂ ನೋಡಲು ಒಂದೇ ಬಗೆ. ಎಷ್ಟೋ ಕಡೆ ಕಾಟಿಯ ದಾರಿಯೇ ಹೆಚ್ಚು ಅಗಲ, ಹೆಚ್ಚು ಹಸನು. ಅವರು ಅದನ್ನು ಹಿಡಿದಿದ್ದರು. ಐದೂವರೆಗೆ ನಾವು ಒಂಟಿಮರ ಮುಟ್ಟಿದಾಗ ಅಲ್ಲಿ ಕಾಯುತ್ತಿರಬೇಕಾದವರು ಇರಲಿಲ್ಲ. ಮಳೆ ಹಿಡಿಯಿತು. ಕೂಗಿದೆವು, ಶಿಳ್ಳೆ ಹಾಕಿದೆವು. ಉಳಿದವರನ್ನು ಕತ್ತಲಲ್ಲಿ ಕೆಳಗೆ ತಲುಪಿಸಿ ಮುಳ್ಳೋಡಿಯಲ್ಲಿ ಸುದ್ದಿ ಹೇಳಿದಾಗ ಏಳೂವರೆ. ಊಟಕ್ಕೆ ಕೂತಿದ್ದ ನಾಲ್ಕು ಜನ ತಟ್ಟೆ ಬಿಟ್ಟು ಎದ್ದರು. ಟಾರ್ಚು, ಕತ್ತಿ, ಕಂಬಳಿ ಹಿಡಿದು ಮಳೆಯಲ್ಲೇ ಹೊರಟರು. ರಾತ್ರಿ ಹತ್ತೂಕಾಲಿಗೆ ಹುಡುಗರು ಸಿಕ್ಕಿದರು. ದಾರಿ ತಪ್ಪಿದ್ದೇವೆಂದು ತಿಳಿದ ಮೇಲೆ ಅವರು ಮಾಡಿದ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ ನಡೆಯುವುದನ್ನು ನಿಲ್ಲಿಸಿ ಒಂದು ಬಂಡೆಯ ಮರೆಯಲ್ಲಿ ಕುಳಿತುಬಿಟ್ಟದ್ದು. ಇನ್ನೂ ಇಳಿಯುತ್ತಾ ಹೋಗಿದ್ದರೆ ಮುಂದೆ ಇಳಿಜಾರು ಕಡಿದಾಗಿ ಕಣಿವೆಗೆ ಬೀಳುತ್ತದೆ. ಅವರಲ್ಲೊಬ್ಬನ ಮಾತು ತೊದಲುತ್ತಿತ್ತು, ಕೈ ಸೆಟೆದು ನೀರಿನ ಬಾಟಲಿಯ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ. ಹಿಮ ಬೀಳದ ನಮ್ಮ ಮಲೆನಾಡಿನಲ್ಲೂ ನೆನೆದ ಹತ್ತಿ ಬಟ್ಟೆ, ಗುಡ್ಡದ ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ಮೈಯ ಬಿಸಿ 35 ಡಿಗ್ರಿಗಿಂತ ಕೆಳಗಿಳಿದು ಪ್ರಾಣಕ್ಕೆ ಕುತ್ತಾಗಬಹುದು ಎಂಬುದನ್ನು ನಾನು ಅಂದು ಕಲಿತೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಕಲಿತದ್ದು ಅಷ್ಟು ತಡವಾಗಿ.

ತಪ್ಪು ನನ್ನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಒಂದೂಮುಕ್ಕಾಲಿಗೆ ನನ್ನ ಬಾಯಿ ಕಟ್ಟಿದ್ದು ಏನು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಪ್ರಯಾಣ, ಕೊಟ್ಟ ದುಡ್ಡು, ಕಷ್ಟಪಟ್ಟು ಪಡೆದ ರಜೆ, ಮತ್ತೆ ಯಾವಾಗಲೋ ಎಂಬ ಅಳುಕು. ಇಂದು ಆ ಹೊರೆ ಹೆಚ್ಚಾಗಿದೆ. ಟಿಕೆಟ್ಟಿಗಾಗಿ ವಾರಗಳ ಮೊದಲೇ ಕಾದು ಕೂತು, ಶುಕ್ರವಾರ ರಾತ್ರಿ ಹತ್ತಕ್ಕೆ ಟಿ.ಟಿ. ಹತ್ತಿ, ಮೂಡಿಗೆರೆ ದಾಟಿದ ಮೇಲಿನ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಕಣ್ಣು ಮುಚ್ಚದೆ ಬೆಳಗಿನ ಜಾವ ಬಂದಿಳಿದು, ಹಲ್ಲುಜ್ಜಿದ ಕೂಡಲೇ ಜೀಪು ಹತ್ತುವವರಿಗೆ ಅರ್ಧದಲ್ಲಿ ತಿರುಗು ಎಂದು ಯಾರು ಹೇಳಬಲ್ಲರು? ಹೇಳಿದರೆ ಯಾರು ಕೇಳಿಯಾರು? ಅದರಲ್ಲೂ ಕೆಲವು ಗುಂಪುಗಳು ಶನಿವಾರ ಹತ್ತಿ ಇಳಿದು, ಅದೇ ರಾತ್ರಿ ಅದೇ ಚಾಲಕನ ಕೈಯಲ್ಲಿ ವಾಪಸು ಹೊರಡುತ್ತವೆ. ಕಾಟಿಗೆ ಹೆದರುವವರು ಆ ಚಾಲಕನ ಕಣ್ಣುಗಳನ್ನೊಮ್ಮೆ ನೋಡಬೇಕು.

ಆದ್ದರಿಂದ ಇಲಾಖೆಗೆ ನನ್ನ ಮೊದಲ ಕೋರಿಕೆ, ಮತ್ತು ಇದೇ ಮುಖ್ಯವಾದದ್ದು: ಹಿಂದಿರುಗುವುದನ್ನು ಅಗ್ಗ ಮಾಡಿಕೊಡಿ. ಹವೆ ಕೆಟ್ಟಿದೆಯೆಂದು ತಪಾಸಣಾ ಠಾಣೆಯಿಂದಲೋ ಒಂಟಿಮರದಿಂದಲೋ ತಾನಾಗಿಯೇ ಹಿಂದಿರುಗಿ ಬಂದವರಿಗೆ, ಅಲ್ಲಿನ ಸಿಬ್ಬಂದಿ ಒಂದು ಸಹಿ ಹಾಕಿದರೆ ಸಾಕು, ಅದೇ ಟಿಕೆಟ್ಟನ್ನು ಆ ವರ್ಷದೊಳಗೆ ಇನ್ನೊಂದು ದಿನ ಬಳಸುವ ಅವಕಾಶವಿರಲಿ. ಹಣ ಹಿಂದಿರುಗಿಸಬೇಕೆಂದೂ ನಾನು ಕೇಳುತ್ತಿಲ್ಲ. ಮತ್ತೆ ಬರಬಹುದು ಎಂಬ ಒಂದು ಭರವಸೆ ಕೈಯಲ್ಲಿದ್ದರೆ ಗುಂಪಿನ ಮುಂದಾಳಿಗೆ ‘ಸಾಕು, ತಿರುಗೋಣ’ ಎನ್ನುವ ಬಾಯಿ ಬರುತ್ತದೆ. ಇದನ್ನು ದುರುಪಯೋಗ ಮಾಡಿಕೊಳ್ಳುವವರು ಇರಬಹುದು. ಆದರೆ ಇಪ್ಪತ್ತು ಕಿಲೋಮೀಟರು ನಡೆಯಲು ಬಂದವನು ಸುಮ್ಮನೆ ಐದು ಕಿಲೋಮೀಟರಿಗೆ ತಿರುಗಿ, ಮತ್ತೊಮ್ಮೆ ಅಷ್ಟು ದೂರ ಬರುವ ಲಾಭವೇನೆಂದು ನನಗೆ ತಿಳಿಯುತ್ತಿಲ್ಲ.

ಎರಡನೆಯ ಕೋರಿಕೆ ಲೆಕ್ಕಕ್ಕೆ ಸಂಬಂಧಿಸಿದ್ದು. ಟಿಕೆಟ್ ವ್ಯವಸ್ಥೆಯಿಂದ ಹತ್ತಿದವರ ಹೆಸರು, ಗುರುತಿನ ಚೀಟಿ, ಸಂಖ್ಯೆ ಎಲ್ಲವೂ ದಾಖಲಾಗುತ್ತವೆ. ಇಳಿದವರ ದಾಖಲೆಗೂ ಅಷ್ಟೇ ಬೆಲೆ ಬರಬೇಕು. ಪ್ರತಿ ಗುಂಪೂ ಇಳಿದ ಮೇಲೆ ಠಾಣೆಯಲ್ಲಿ ತಲೆ ಎಣಿಸಿ ಹೋಗುವುದು ಕಡ್ಡಾಯವಾಗಲಿ. ಸಂಜೆ ಐದೂವರೆಗೆ ಎರಡು ಪಟ್ಟಿಗಳನ್ನೂ ತಾಳೆ ನೋಡಿ, ಕಡಿಮೆ ಬಿದ್ದವರ ಹುಡುಕಾಟ ಬೆಳಕಿರುವಾಗಲೇ ಶುರುವಾಗಲಿ. ಕತ್ತಲಾದ ಮೇಲೆ ಹುಡುಕಲು ಹೊರಡುವವರ ಪ್ರಾಣವೂ ಪ್ರಾಣವೇ. ಶಾಲೆಯ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದವರೆಲ್ಲರಿಗೂ ಈ ಲೆಕ್ಕ ಗೊತ್ತು: ಬಸ್ಸು ಹತ್ತಿಸುವಾಗಿನ ಎಣಿಕೆಗಿಂತ ವಾಪಸು ಹತ್ತಿಸುವಾಗಿನ ಎಣಿಕೆಯಲ್ಲೇ ಎದೆ ಹೊಡೆದುಕೊಳ್ಳುವುದು.

ಇನ್ನು ಮುಂದಿನ ಮಾತು ಹೆಚ್ಚಾಗಿ ಬರುವವರಿಗೆ.

ಮಳೆಯ ಬಗ್ಗೆ ನಿಮ್ಮ ಊರಿನ ಅಳತೆಗೋಲನ್ನು ಇಲ್ಲಿಗೆ ತರಬೇಡಿ. ಈ ಗುಡ್ಡಗಳಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸುಮಾರು ಒಂದು ಸಾವಿರ. ಇಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬೆಳಿಗ್ಗೆ ಕಲ್ಲಿನಿಂದ ಕಲ್ಲಿಗೆ ಹಾರಿ, ಕಾಲು ನೆನೆಯದೆ ದಾಟಿದ ಹಳ್ಳ, ಮೇಲೆಲ್ಲೋ ಎರಡು ಗಂಟೆ ಹೊಡೆದ ಮಳೆಗೆ ಸಂಜೆ ಸೊಂಟದ ಮಟ್ಟ ಕೆಂಪಗೆ ಹರಿಯುತ್ತಿರುತ್ತದೆ. ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಹೀಗಾಗಬಹುದು, ಏಕೆಂದರೆ ಹಳ್ಳಕ್ಕೆ ನೀರು ಬರುವುದು ಮೇಲಿನ ಇಡೀ ಕಣಿವೆಯಿಂದ. ಮೊಣಕಾಲು ಮೀರಿ ರಭಸವಾಗಿ ಹರಿಯುವ ನೀರಿಗೆ ಇಳಿಯಲೇಬಾರದು. ಮಲೆನಾಡಿನ ಹಳ್ಳ ಏರಿದಷ್ಟೇ ಬೇಗ ಇಳಿಯುವುದೂ ಉಂಟು. ದಡದಲ್ಲಿ ಒಂದೆರಡು ಗಂಟೆ ಕಾಯುವ ತಾಳ್ಮೆ, ಕಾಯುವಾಗ ಮೈಮೇಲೆ ಹಾಕಿಕೊಳ್ಳಲು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಣ ಉಡುಪು, ತಿನ್ನಲು ಬೆಲ್ಲವೋ ಕಡಲೆಯೋ ಇದ್ದರೆ ಸಾಕು. ಹಗ್ಗ ಹಿಡಿದು ದಾಟಿಸುವ ಸಾಹಸ ಬಲ್ಲವರ ಕೆಲಸ, ವಿಡಿಯೋ ನೋಡಿ ಕಲಿತವರದ್ದಲ್ಲ.

ಮುಂಗಾರಿನ ಮೊದಲು ಮತ್ತು ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬೋಳು ದಿಣ್ಣೆಯ ಮೇಲೆ ಅಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ; ಇದ್ದರೆ ಅದು ಒಂಟಿ ಮರ, ಅದರಡಿ ನಿಲ್ಲುವುದು ಇನ್ನೂ ಕೆಟ್ಟದ್ದು. ಮೊದಲ ಗುಡುಗು ಕೇಳಿದೊಡನೆ ದಿಣ್ಣೆಯ ನೆತ್ತಿಯಿಂದ ಇಳಿಯಬೇಕು. ಶಿಖರದ ಪಡುವಣ ಬದಿ ಕರಾವಳಿಯ ಕಡೆಗೆ ನೆಟ್ಟಗೆ ಬೀಳುವ ಪ್ರಪಾತ. ಬಿಸಿಲಿರುವಾಗ ಎಲ್ಲರಿಗೂ ಕಾಣುತ್ತದೆ. ಮಂಜಿನಲ್ಲಿ ಹುಲ್ಲಿನ ಅಂಚು ಎಲ್ಲಿ ಮುಗಿಯಿತೆಂದು ನನಗೂ ಕಾಣುವುದಿಲ್ಲ. ಆ ಅಂಚಿನಲ್ಲಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಫೋಟೋಗೆ ನಿಲ್ಲುವವರನ್ನು ಕಂಡಾಗ ಕೂಗಲೂ ಭಯವಾಗುತ್ತದೆ, ಬೆಚ್ಚಿಬಿದ್ದಾರೆಂದು.

ಉಂಬಳಗಳ (ಜಿಗಣೆಗಳ) ಬಗ್ಗೆ ನನಗೆ ಬರುವಷ್ಟು ಪ್ರಶ್ನೆಗಳು ಬೇರೆ ಯಾವುದರ ಬಗ್ಗೆಯೂ ಬರುವುದಿಲ್ಲ, ನಿಜ ಹೇಳಬೇಕೆಂದರೆ ಅವು ಅಷ್ಟು ಯೋಚಿಸಬೇಕಾದ ಪ್ರಾಣಿಗಳಲ್ಲ. ಹೊಗೆಸೊಪ್ಪಿನ ಪುಡಿಯನ್ನು ಕಾಲುಚೀಲಕ್ಕೆ ಸವರಿಕೊಳ್ಳಿ. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಸರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಹರಿದು ನಿಲ್ಲುತ್ತದೆ. ಯೋಚಿಸಬೇಕಾದದ್ದು ಮಳೆ ನಿಂತ ಮೇಲೆ ಬರುವ ಉಣುಗಿನ (ಉಣ್ಣೆಹುಳುವಿನ) ಬಗ್ಗೆ. ಅದು ಕಚ್ಚಿದರೆ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಸುಮಾರು ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಬರಿಮೈಯಲ್ಲಿ ಕೂರಬೇಡಿ, ಮಲಗಬೇಡಿ. ಆರೋಗ್ಯ ಇಲಾಖೆ ನಮ್ಮ ಕಡೆ ಹಂಚುವ ಡೀಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿಗೆ ಹೋದ ಮೇಲೆ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಸ್ನಾಯುಗಳ ಸೆಳೆತ ಬಂದರೆ, ನಿಮ್ಮ ವೈದ್ಯರು ಕೇಳದಿದ್ದರೂ ನೀವಾಗಿಯೇ ‘ನಾನು ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ಹೇಳಿ. ದೂರದ ಊರಿನ ವೈದ್ಯರಿಗೆ ಈ ಕಾಯಿಲೆಯ ನೆನಪೇ ಬಾರದಿರಬಹುದು.

ಹಾವಿನ ವಿಷಯದಲ್ಲಿ ಒಂದೇ ಮಾತು. ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಾದದ್ದು. ಈ ಕಾಡಿನಲ್ಲಿರುವ ಕಾಳಿಂಗಕ್ಕಾಗಲಿ ಮಲಬಾರ್ ಪಿಟ್ ವೈಪರ್‌ಗಾಗಲಿ ಅಲ್ಲ. ಹಾಗಾಗಿ ಕಾಲಿಡುವ ಕಲ್ಲನ್ನೂ ಕೈಯೂರುವ ಕೊಂಬೆಯನ್ನೂ ಮೊದಲು ನೋಡುವುದೇ ಔಷಧ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ತನ್ನಿ. ಕಾಟಿ ಎದುರಾದರೆ ನಿಂತಲ್ಲೇ ನಿಂತು, ಅದಕ್ಕೆ ದಾರಿ ಬಿಟ್ಟು, ಮೆಲ್ಲಗೆ ಹಿಂದೆ ಸರಿಯಿರಿ. ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಬೆಂಕಿ ಗಾಳಿಯ ಜೊತೆ ಗುಡ್ಡ ಏರುವ ವೇಗಕ್ಕೆ ಮನುಷ್ಯ ಓಡಲಾರ. ಕಾಳ್ಗಿಚ್ಚಿನ ತಿಂಗಳುಗಳಲ್ಲಿ ಇಲಾಖೆ ಚಾರಣ ನಿಲ್ಲಿಸಿದರೆ, ಮಳೆ ಮಿತಿಮೀರಿದಾಗ ದಾರಿ ಮುಚ್ಚಿದರೆ, ಅದನ್ನು ದಾಟಿಸಿ ಕರೆದೊಯ್ಯುತ್ತೇನೆ ಎನ್ನುವವರ ಜೊತೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಉದ್ಯಾನದೊಳಗೆ ಕಾಲಿಡುವುದು ಅಪರಾಧ ಎಂಬುದು ಒಂದು ಕಡೆಗಿರಲಿ; ಕದ್ದು ಹೋದವರು ದಾರಿ ತಪ್ಪಿದರೆ ಅವರು ಒಳಗಿದ್ದಾರೆಂದು ಹೊರಗೆ ಯಾರಿಗೂ ಗೊತ್ತಿರುವುದಿಲ್ಲ.

ಫೋನಿನ ಮೇಲೆ ಭಾರ ಹಾಕಿ ಬರುವುದನ್ನು ಬಿಡಿ. ಮುಖ್ಯರಸ್ತೆ ಬಿಟ್ಟ ಮೇಲೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. 112, 108, ಅರಣ್ಯ ಇಲಾಖೆಯ 1926, ಈ ಮೂರೂ ಸಂಖ್ಯೆಗಳು ಒಳ್ಳೆಯವೇ, ಆದರೆ ಕರೆ ಹೋಗುವ ಜಾಗಕ್ಕೆ ಯಾರಾದರೂ ನಡೆದು ಬರಬೇಕು. ಗುಡ್ಡದ ತುದಿಯಲ್ಲಿ ಕಾಲು ಉಳುಕಿದವರನ್ನು ಹೊತ್ತು ಮುಳ್ಳೋಡಿಗೆ ತರಲು ಆರು ಗಂಟೆಯಾದರೂ ಆದೀತು. ಅಲ್ಲಿಂದ ಜೀಪಿನಲ್ಲಿ ರಸ್ತೆಗೆ, ರಸ್ತೆಯಿಂದ ಕಳಸದ ಸರ್ಕಾರಿ ಆಸ್ಪತ್ರೆಗೆ. ದೊಡ್ಡ ಆಸ್ಪತ್ರೆ ಬೇಕೆಂದರೆ ಘಟ್ಟ ಇಳಿದು ಕಾರ್ಕಳ, ಮಣಿಪಾಲದ ಕಡೆಗೆ. ಈ ಲೆಕ್ಕವನ್ನು ಮನೆಯಲ್ಲೇ ಕೂತು ಹಾಕಿಕೊಂಡು, ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಹೊರಡಬೇಕು, ಔಷಧವನ್ನು ಚೀಲದ ಮೇಲುಗಡೆಯೇ ಇಟ್ಟುಕೊಳ್ಳಬೇಕು, ಅದು ಎಲ್ಲಿದೆಯೆಂದು ಜೊತೆಯವರಿಗೂ ಹೇಳಿರಬೇಕು. ಹೋಂಸ್ಟೇಯಲ್ಲಿ ಒಂದು ಹಾಳೆ ಬರೆದಿಟ್ಟು ಹೋಗಿ: ಯಾರು ಯಾರು ಹೋಗುತ್ತಿದ್ದೇವೆ, ಯಾರ ಅಂಗಿ ಯಾವ ಬಣ್ಣ, ಎಷ್ಟು ಗಂಟೆಗೆ ತಿರುಗುತ್ತೇವೆ, ಎಷ್ಟು ಗಂಟೆಯಾದರೂ ಬಾರದಿದ್ದರೆ ಹುಡುಕಲು ಶುರು ಮಾಡಬೇಕು. ಅಂಗಿಯ ಬಣ್ಣ ಬರೆಯಿರಿ ಎಂದರೆ ನಗುತ್ತಾರೆ. ಮಂಜಿನಲ್ಲಿ ಟಾರ್ಚು ಹಿಡಿದು ಹುಡುಕಿದವರು ನಗುವುದಿಲ್ಲ. ಒಬ್ಬೊಬ್ಬರ ಬಳಿಯೂ ಒಂದು ತಲೆಗೆ ಕಟ್ಟುವ ಟಾರ್ಚು, ಒಂದು ಸೀಟಿ ಇರಲಿ. ಇವೆರಡನ್ನೂ ಗುಂಪಿಗೊಂದು ಎಂದು ತರುವವರಿದ್ದಾರೆ, ಆದರೆ ದಾರಿ ತಪ್ಪುವವನು ಗುಂಪನ್ನು ಕರೆದುಕೊಂಡು ತಪ್ಪುವುದಿಲ್ಲ.

ಸಾಧ್ಯವಿರುವವರು ಎರಡು ರಾತ್ರಿ ಇಟ್ಟುಕೊಂಡು ಬನ್ನಿ. ಶುಕ್ರವಾರ ಹಗಲು ಪ್ರಯಾಣ, ರಾತ್ರಿ ನಿದ್ದೆ. ಶನಿವಾರ ಗುಡ್ಡ, ಮತ್ತೆ ನಿದ್ದೆ. ಭಾನುವಾರ ಬೆಳಿಗ್ಗೆ ವಾಪಸು. ಒಂದು ದಿನದ ರಜೆ ಹೆಚ್ಚು ಬೇಕಾಗುತ್ತದೆ, ಚಾಲಕನ ಬಾಟಾ ಹೆಚ್ಚುತ್ತದೆ. ಆ ಒಂದು ದಿನ ಸಿಗದಿದ್ದರೆ ಶಿಖರವನ್ನು ಇನ್ನೊಂದು ವರ್ಷಕ್ಕೆ ಬಿಟ್ಟು ರಸ್ತೆಬದಿಯ ಕಡಾಂಬಿ ಜಲಪಾತವನ್ನೋ ಹನುಮಾನಗುಂಡಿಯನ್ನೋ ನೋಡಿಕೊಂಡು ಹೋಗಬಹುದು, ಅಲ್ಲಿಯೂ ಕಲ್ಲು ಜಾರುತ್ತದೆ ಎಂಬ ಎಚ್ಚರದೊಂದಿಗೆ.

ಮೂರನೆಯ ಕೋರಿಕೆಯನ್ನು ಮತ್ತೆ ಇಲಾಖೆಯ ಮುಂದೆ ಇಡುತ್ತೇನೆ. ಯಾರಾದರೂ ಕಾಣೆಯಾದಾಗ ಮೊದಲು ಗುಡ್ಡ ಏರುವವರು ಮುಳ್ಳೋಡಿ, ಸಂಸೆಯ ಕಡೆಯ ಯುವಕರು ಮತ್ತು ಕೆಳಹಂತದ ಅರಣ್ಯ ವೀಕ್ಷಕರು. ಕಾಟಿಯ ದಾರಿ ಯಾವುದು, ಮನುಷ್ಯರ ದಾರಿ ಯಾವುದು ಎಂದು ಕತ್ತಲಲ್ಲೂ ಹೇಳಬಲ್ಲವರು ಅವರು. ಅಂದು ನನ್ನ ಅಳಿಯನ ಸ್ನೇಹಿತರನ್ನು ಹುಡುಕಿ ತಂದ ನಾಲ್ವರು, ಹಣ ಕೊಡಹೋದರೆ ಮುಟ್ಟಲಿಲ್ಲ. ಒಬ್ಬಾತ ಮಾತ್ರ ತನ್ನ ಟಾರ್ಚಿಗೆ ಸೆಲ್ಲು ತರಿಸಿಕೊಡಿ ಎಂದ. ಟಿಕೆಟ್ಟಿನ ಆದಾಯದ ಒಂದು ಪಾಲಿನಿಂದ ಇಂಥವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ, ಮಡಚುವ ಸ್ಟ್ರೆಚರ್, ವಾಕಿಟಾಕಿ, ಒಳ್ಳೆಯ ದೀಪಗಳು, ಹುಡುಕಾಟಕ್ಕೆ ಹೊರಟ ದಿನದ ಕೂಲಿ ಮತ್ತು ಜೀವವಿಮೆ ಸಿಗಬೇಕು. ಇದನ್ನು ಉಪಕಾರವೆಂದು ಕೊಡಬಾರದು, ಕೆಲಸದ ಸಂಬಳವೆಂದು ಕೊಡಬೇಕು. ಜೊತೆಗೆ, ದಾರಿ ಕವಲೊಡೆಯುವ ನಾಲ್ಕಾರು ಕಡೆಗಳಲ್ಲಿ ಮಂಜಿನಲ್ಲೂ ಕಾಣುವಂಥ ಗುರುತುಗಲ್ಲುಗಳನ್ನು ನೆಡಲು ಅವರನ್ನೇ ಕೇಳಿ ಜಾಗ ಗೊತ್ತುಮಾಡಬಹುದು. ಕಾಡಿನ ಚೆಲುವಿಗೆ ಬಣ್ಣದ ಫಲಕಗಳು ಕುಂದೆಂದು ವಾದಿಸುವವರಿದ್ದಾರೆ; ಫಲಕ ನನಗೂ ಬೇಡ, ಮೊಣಕಾಲೆತ್ತರದ ಬಿಳಿ ಕಲ್ಲು ಸಾಕು.

ಈ ಪತ್ರದ ಪ್ರತಿಯನ್ನು ನಮ್ಮ ಭಾಗದ ವಲಯ ಅರಣ್ಯ ಕಚೇರಿಗೂ, ಮುಳ್ಳೋಡಿಯಲ್ಲಿ ನನಗೆ ಪರಿಚಯವಿರುವ ಹೋಂಸ್ಟೇಗಳಿಗೂ ಕೊಡುತ್ತಿದ್ದೇನೆ. ಅಕ್ಟೋಬರ್ ರಜೆಯ ಟಿಕೆಟ್ಟುಗಳು ಬಿಡುಗಡೆಯಾಗುವ ಮೊದಲು, ಕನಿಷ್ಠ ಟಿಕೆಟ್ಟಿನ ಮರುಬಳಕೆಯ ಮತ್ತು ಇಳಿದವರ ಎಣಿಕೆಯ ಈ ಎರಡು ಕೋರಿಕೆಗಳ ಬಗ್ಗೆ ತಮ್ಮ ತೀರ್ಮಾನವನ್ನು ಜಾಲತಾಣದಲ್ಲೇ, ಕನ್ನಡದಲ್ಲಿ, ಟಿಕೆಟ್ ಕೊಳ್ಳುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಳಸ ಸೀಮೆಯ ಒಬ್ಬ ನಿವೃತ್ತ ಶಿಕ್ಷಕ